ಕೊಳವೆಬಾವಿಯ ಲಾಗ್ ಮತ್ತು ಫ್ಲೋರೈಡ್

ಕೊಳವೆಬಾವಿಗೆ ಉಪಕರಣವನ್ನು ಇಳಿಬಿಟ್ಟು, ಆಳಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ರೋಧವನ್ನು ಅಳೆದು ಅಂತರ್ಜಲದ ಮಾಲಿನ್ಯ ಗುರುತಿಸುವ ವಿಧಾನವನ್ನು ನೀವು ಓದಿರಬಹುದು. ಅಳತೆಯನ್ನು ಅರ್ಥೈಸಲು ಸಾಮಾನ್ಯವಾಗಿ ಬಳಸುವುದು 1942ರ ಆರ್ಚಿ ಸೂತ್ರ. ಅದು ಜೇಡಿಯಿಲ್ಲದ ಮರಳುಶಿಲೆಗೆ ಹೇಳಿದ್ದು. ನಮ್ಮ ಕೋಲಾರದ ಗ್ರಾನೈಟ್, ನೈಸ್‌ಗಳಲ್ಲಿ ನೀರಿರುವುದು ಬಿರುಕುಗಳಲ್ಲಿ. ಅಲ್ಲಿ ಸೂತ್ರವನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಇದಕ್ಕಿಂತ ದೊಡ್ಡ ತೊಡಕು ಫ್ಲೋರೈಡಿನದು. ಕುಡಿಯುವ ನೀರಿನಲ್ಲಿ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನೀವೇ ಲೆಕ್ಕ ಹಾಕಿ: ಜೊತೆಗಿರುವ ಸೋಡಿಯಂ ಸೇರಿಸಿದರೂ ಅಷ್ಟರಿಂದ ವಾಹಕತೆ ಹೆಚ್ಚುವುದು ಸೆಂಟಿಮೀಟರಿಗೆ ಸುಮಾರು 8 ಮೈಕ್ರೋಸೀಮೆನ್ಸ್ ಮಾತ್ರ. ನೀರಿನ ಒಟ್ಟು ವಾಹಕತೆ 1000 ಇದ್ದರೆ (ಇದು ಅಪರೂಪವಲ್ಲ) ಫ್ಲೋರೈಡ್ ಮಿತಿಯ ಎರಡರಷ್ಟಾದರೂ ಲಾಗ್‌ನಲ್ಲಿ ಗೊತ್ತಾಗದು. ಅದನ್ನು ನಂಬಿ ಕುಡಿದ ಮಕ್ಕಳ ಹಲ್ಲು, ಮೂಳೆ ಕೆಡುತ್ತವೆ.

ಉಪ್ಪುನೀರು ಯಾವ ಬಿರುಕಿನಿಂದ ಒಸರುತ್ತಿದೆಯೆಂದು ತೋರಿಸಲು ಲಾಗ್ ಬಹಳ ಒಳ್ಳೆಯದು. ಫ್ಲೋರೈಡಿಗಾದರೆ ಆ ಆಳದ ನೀರಿನ ಮಾದರಿ ತೆಗೆದು, ಫ್ಲೋರೈಡ್ ಎಲೆಕ್ಟ್ರೋಡಿನಿಂದಲೇ ಅಳೆಯಬೇಕು.