400 ಮೀಟರ್ ಕಾಗದದ ಮೇಲೆ

ಹುರಿ ಹೆಣೆದ ಕುರ್ಚಿ ಮಾಡಬೇಕೆಂದು ಹೊರಟವರೆಲ್ಲ ಮೊದಲು ಓಡುವುದು ಮರದಂಗಡಿಗೆ. ತೇಗವೋ ಹೊನ್ನೆಯೋ ಎಂಬ ಚರ್ಚೆಯಲ್ಲೇ ವಾರ ಕಳೆಯುತ್ತದೆ. ಚೌಕಟ್ಟು ಎದ್ದು ನಿಂತು ಪಾಲಿಶ್ ಆದ ಮೇಲೆ, ‘ಇನ್ನೇನು, ಹುರಿ ಸುತ್ತಿದರಾಯಿತು’ ಎನ್ನುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಅಡ್ಡಪಟ್ಟಿ ಎಷ್ಟು ದಪ್ಪ ಇರಬೇಕು, ಅದರ ಅಂಚು ಎಷ್ಟು ದುಂಡಗಿರಬೇಕು, ಯಾವ ಎತ್ತರದಲ್ಲಿ ಕೂರಬೇಕು ಎಂಬುದನ್ನೆಲ್ಲ ಈ ಕುರ್ಚಿಯಲ್ಲಿ ತೀರ್ಮಾನಿಸುವುದು ಹುರಿ. ಮರದ್ದೇನಿದ್ದರೂ ಎರಡನೇ ಮಾತು.

ಇದು ಚೆನ್ನಾಗಿ ಗೊತ್ತಿದ್ದವರು ಡೆನ್ಮಾರ್ಕಿನ ಹಾನ್ಸ್ ವೆಗ್ನರ್. 1914ರಲ್ಲಿ ಟೋಂಡರ್ ಎಂಬ ಊರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮರಗೆಲಸ ಕಲಿಯಲು ಸೇರಿದವರು. ಬದುಕಿನುದ್ದಕ್ಕೂ 500ಕ್ಕೂ ಹೆಚ್ಚು ಕುರ್ಚಿಗಳನ್ನು ರೂಪಿಸಿದರು. ಕಾರ್ಲ್ ಹಾನ್ಸೆನ್ ಆಂಡ್ ಸನ್ ಕಂಪನಿಗೆ 1949–50ರಲ್ಲಿ ಅವರು ಮಾಡಿಕೊಟ್ಟ ಮೊದಲ ಕುರ್ಚಿಗಳಲ್ಲಿ ಎರಡರ ಮಾತು ಇಂದಿಗೂ ನಡೆಯುತ್ತದೆ. ಒಂದು, ಬೆನ್ನಿನಲ್ಲಿ ವೈ ಅಕ್ಷರ ಹೊತ್ತ ಊಟದ ಕುರ್ಚಿ, ಸಿಎಚ್24. ಅದರ ನಕಲು ಇಲ್ಲದ ಕೆಫೆ ಹುಡುಕುವುದೇ ಈಗ ಕಷ್ಟ. ಇನ್ನೊಂದು ಒರಗಿ ಕೂರುವ ಸಿಎಚ್25. ನನ್ನ ಮತ ಇದಕ್ಕೆ.

ಅದರ ಎತ್ತರ, ಅಗಲ, ಆಳ ಮೂರೂ 70 ಸೆಂ.ಮೀ.ಗಿಂತ ತುಸು ಹೆಚ್ಚು. ಕೂರುವ ಜಾಗ ಮಾತ್ರ ನೆಲದಿಂದ ಬರೀ 35 ಸೆಂ.ಮೀ. ಊಟದ ಕುರ್ಚಿಗಳಲ್ಲಿ ಇದು 45ರ ಆಸುಪಾಸು ಇರುತ್ತದೆ. ಅಷ್ಟು ಕೆಳಗಿಳಿದು, ಹಿಂದಕ್ಕೆ ವಾಲಿ ಕೂತಾಗ ಮೈಭಾರ ತೊಡೆಯಿಂದ ಬೆನ್ನಿಗೆ ಸರಿಯುತ್ತದೆ, ಪುಸ್ತಕ ಹಿಡಿದವರು ಏಳುವ ಮಾತೇ ಆಡುವುದಿಲ್ಲ. ಮಂಡಿನೋವಿನವರಿಗೆ ಮಾತ್ರ ಇದನ್ನು ಉಡುಗೊರೆ ಕೊಡಬೇಡಿ, ಸಂಬಂಧ ಕೆಡುತ್ತದೆ.

ಆಸನಕ್ಕೂ ಬೆನ್ನಿಗೂ ಸೇರಿ ಈ ಒಂದು ಕುರ್ಚಿಗೆ ಸುಮಾರು 400 ಮೀಟರ್ ಹುರಿ ಬೇಕು. ಪಳಗಿದ ಕೈಗೂ ಅದು 10 ಗಂಟೆಗಳ ಕೆಲಸ. ಆ ಹುರಿಯೋ, ಬರೀ ಕಾಗದ. ಎರಡನೇ ಮಹಾಯುದ್ಧದ ಕಾಲದಲ್ಲಿ ಕುರ್ಚಿ ಹೆಣೆಯುವ ಕಡಲಹುಲ್ಲು ಡೆನ್ಮಾರ್ಕಿನವರ ಕೈಗೆಟುಕದಾದಾಗ ಅದರ ಜಾಗಕ್ಕೆ ಬಂದದ್ದು ಈ ಕಾಗದದ ಹುರಿ. ಯುದ್ಧ ಮುಗಿಯಿತು, ವೆಗ್ನರ್ ಹುರಿಯನ್ನು ಕೈಬಿಡಲಿಲ್ಲ. ಗಟ್ಟಿ ಕಂದು ಕಾಗದವನ್ನು ಬಿಗಿಯಾಗಿ ಹೊಸೆದು, ಅಂಥ ಮೂರೆಳೆಗಳನ್ನು ಸೇರಿಸಿ ಹುರಿ ಮಾಡುತ್ತಾರೆ. ದಪ್ಪ 3 ಮಿ.ಮೀ.ಗಿಂತ ಚೂರು ಹೆಚ್ಚು. ಬೆರಳಲ್ಲಿ ಹರಿಯುವ ಕಾಗದ ಹೊಸೆದ ಮೇಲೆ ದಶಕಗಟ್ಟಲೆ ಆಳಿನ ಭಾರ ಹೊರುತ್ತದೆ. ಹುಲ್ಲು ಹೊಸೆದು, ಹಗ್ಗ ಮಾರಿ ದಾಸೋಹ ನಡೆಸಿದ ನುಲಿಯ ಚಂದಯ್ಯನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೇನಿಷ್ ಕುರ್ಚಿಗಳಲ್ಲಿ ರೂಢಿಯಲ್ಲಿರುವ ಒಂದು ಹೆಣಿಗೆಯನ್ನು ಹತ್ತಿರದಿಂದ ನೋಡಿ. ಅಡ್ಡಪಟ್ಟಿಗಳ ಒಳಮೈಗೆ ಎಲ್ ಆಕಾರದ ಮೊಳೆಗಳನ್ನು ಸಾಲಾಗಿ ಹೊಡೆದಿರುತ್ತಾರೆ. ಹುರಿ ಮುಂದಿನ ಪಟ್ಟಿಯನ್ನು ಬಳಸಿ ಮೊಳೆಗೆ ಸಿಕ್ಕಿಕೊಂಡು, ಹಿಂದಿನ ಪಟ್ಟಿಗೆ ಹೋಗಿ ಅಲ್ಲೂ ಹಾಗೇ ಸಿಕ್ಕಿಕೊಂಡು ಮರಳುತ್ತದೆ. ಇದು ಹಾಸು, ಎಳೆಗಳು ಜೋಡಿಜೋಡಿಯಾಗಿ ಬೀಳುತ್ತವೆ. ಜೋಡಿಗಳ ನಡುವೆ ಮರ ಕಾಣದಂತೆ ಅದೇ ಹುರಿಯನ್ನು ಪಟ್ಟಿಗೆ ಸುತ್ತುತ್ತಾ ಹೋಗಬೇಕು. ಆಸನ ಮುಂದೆ ಅಗಲ, ಹಿಂದೆ ಕಿರಿದು ಎಂದಿಟ್ಟುಕೊಳ್ಳಿ: ಎಳೆಗಳ ಸಂಖ್ಯೆ ಎರಡೂ ಕಡೆ ಒಂದೇ, ಸುತ್ತು ಮಾತ್ರ ಮುಂದೆ ಹೆಚ್ಚು, ಹಿಂದೆ ಕಡಿಮೆ. ಈ ಲೆಕ್ಕ ಮೊದಲೇ ಬರೆದಿಟ್ಟುಕೊಳ್ಳದವರು ಕೊನೆಯ ಮೂಲೆಯಲ್ಲಿ ಹುರಿ ತುರುಕುತ್ತಾ ಕೂರುತ್ತಾರೆ. ಆಮೇಲೆ ಹೊಕ್ಕು. ಹುರಿಯನ್ನು ಕುಣಿಕೆಯಾಗಿ ಮಡಿಸಿ, ಹಾಸಿನ ಜೋಡಿಗಳ ಮೇಲೊಮ್ಮೆ ಕೆಳಗೊಮ್ಮೆ ನುಸುಳಿಸಿ ಎದುರು ಪಕ್ಕದ ಮೊಳೆಗೆ ಸಿಕ್ಕಿಸುವುದು. ಪ್ರತಿ ಸಾಲನ್ನೂ ಮರದ ತುಂಡಿನಿಂದ ತಟ್ಟಿ ಹಿಂದಿನ ಸಾಲಿಗೆ ಒತ್ತುವುದು. ಎಲ್ಲ ಮುಗಿದ ಮೇಲೆ ಮೊಳೆಗಳನ್ನು ಬಡಿದು ಒಳಗೆ ಕೂರಿಸಿದರೆ ಹುರಿ ಅಲ್ಲಾಡುವುದಿಲ್ಲ.

ಹಾಸನ್ನು ವೀಣೆಯ ತಂತಿಯಂತೆ ಬಿಗಿಯಬೇಡಿ. ಹೊಕ್ಕು ಮೇಲೆ ಕೆಳಗೆ ನುಗ್ಗಿದಂತೆಲ್ಲ ಹಾಸು ತಾನೇ ಬಿಗಿಯುತ್ತದೆ. ಮೊದಲೇ ಬಿಗಿದಿದ್ದರೆ ಅರ್ಧ ದಾಟುವಷ್ಟರಲ್ಲಿ ಕುಣಿಕೆ ನುಸುಳಲು ಜಾಗವೇ ಇರುವುದಿಲ್ಲ.

ಈಗ ಮರದ ಕಡೆ ಬನ್ನಿ. ಒಂದೊಂದು ಎಳೆಯ ಜಗ್ಗು ಅಲ್ಪವೇ. ಎಲ್ಲ ಸೇರಿದಾಗ ಎದುರುಬದುರಿನ ಪಟ್ಟಿಗಳು ಒಳಮುಖವಾಗಿ ಬಾಗತೊಡಗುತ್ತವೆ. ಕೀಲುಗಳಿಗೆ ಇದರಿಂದ ಅಷ್ಟೇನೂ ಭಯವಿಲ್ಲ, ಜಗ್ಗು ಅವುಗಳನ್ನು ಒತ್ತುತ್ತದೆಯೇ ಹೊರತು ಬಿಚ್ಚುವುದಿಲ್ಲ. ಸೋಲುವುದು ಪಟ್ಟಿಯ ನಡು. ಹಾಗಾಗಿ ‘ಸಪೂರವಾಗಿದ್ದರೆ ಚೆಂದ’ ಎಂದು ಪಟ್ಟಿಯನ್ನು ಕೆತ್ತಿ ಕೆತ್ತಿ ಇಳಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಮೇಲಿನಿಂದ ನೋಡಿದಾಗಿನ ದಪ್ಪ, ಅಂದರೆ ಜಗ್ಗುವ ದಿಕ್ಕಿನ ದಪ್ಪ, ಕಳೆಯಲೇ ಬಾರದು. ತೆಳುವಾಗಿ ಕಾಣಬೇಕಿದ್ದರೆ ಎತ್ತರದಲ್ಲಿ ಕಳೆಯಲಿ. ಹುರಿ ಸುತ್ತುವ ಅಂಚಂತೂ ಬೆರಳಿಗೆ ಎಲ್ಲೂ ಏಣು ತಗುಲದಷ್ಟು ದುಂಡಗಿರಬೇಕು. ಚೂಪಾದ ಅಂಚು ಕಾಗದವನ್ನು ದಿನದಿನವೂ ಸವೆಸುತ್ತದೆ. ಎಣ್ಣೆಯೋ ಪಾಲಿಶೋ ಏನೇ ಬಳಿದರೂ ಹೆಣೆಯುವ ಮೊದಲೇ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಹುರಿಯ ತುಂಬ ಕಲೆ. ವೆಗ್ನರ್ ಅವರ ಕುರ್ಚಿ ಓಕ್ ಮರದ್ದು. ನಮ್ಮಲ್ಲಿ ತೇಗ ಧಾರಾಳವಾಗಿ ಸಾಲುತ್ತದೆ. ಅದರ ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಾಕುವ ಮುನ್ನ ಕೀಲನ್ನು ಅಸಿಟೋನ್‌ನಿಂದ ಒರೆಸಿಕೊಳ್ಳಿ.

‘ನಮ್ಮ ಹಗ್ಗದ ಮಂಚವೂ ಇದೇ ಅಲ್ಲವೇ’ ಎನ್ನುವವರಿದ್ದಾರೆ. ಅಲ್ಲ. ಮಂಚದ ಕಾಲಿನ ಕಡೆ ಬೇರೆಯದೇ ಒಂದು ಹಗ್ಗ ಇರುತ್ತದೆ, ಜೋತಾಗ ಅದನ್ನು ಎಳೆದು ಮತ್ತೆ ಬಿಗಿ ಮಾಡಬಹುದು. ಈ ಕುರ್ಚಿಗೆ ಆ ಸೌಕರ್ಯವಿಲ್ಲ, ಹೆಣೆದ ದಿನದ ಬಿಗಿಯೇ ಕೊನೆಯದು. ಸುಲಭಕ್ಕೆ ಸಿಗುವ ನೈಲಾನ್ ಹಗ್ಗ ಇಲ್ಲಿ ಸೋಲುವುದು ಇದೇ ಕಾರಣಕ್ಕೆ: ಅದು ಜಾರುತ್ತದೆ, ಕೂತಷ್ಟೂ ಹಿಗ್ಗುತ್ತದೆ. ಹತ್ತಿಯ ಹುರಿ ಕೈಗೆ ಹಿತ, ಆದರೆ ಕೊಳೆ ಹೀರುತ್ತದೆ. ಸ್ಟೂಲಿಗೆ ಪರವಾಗಿಲ್ಲ. ದೊಡ್ಡ ಕುರ್ಚಿಗಾದರೆ ದುಬಾರಿಯಾದರೂ ಕಾಗದದ ಹುರಿಯನ್ನೇ ತರಿಸಿಕೊಳ್ಳಿ.

ನೀರು ಚೆಲ್ಲಿದರೆ ಕೂಡಲೇ ಒರೆಸಬೇಕು. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಆಗಾಗ ಒರೆಸಿದರೆ ಸಾಕು, ಸೋಪಿನ ಬಕೆಟ್ ತರಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಇರಚಲು ಹೊಡೆಯುವ ಜಗುಲಿ ಇದರ ಜಾಗವಲ್ಲ. ಇಷ್ಟು ನೋಡಿಕೊಂಡರೂ ಮುಂದೊಂದು ದಿನ ಮುಂದಿನ ಪಟ್ಟಿಯ ಮೇಲೆ, ತೊಡೆ ಉಜ್ಜುವಲ್ಲಿ, ಎಳೆಗಳು ಸವೆದು ಹರಿಯುತ್ತವೆ. ಆಗ ಹುರಿ ಕತ್ತರಿಸಿ ತೆಗೆದು ಅದೇ ಚೌಕಟ್ಟಿಗೆ ಹೊಸದಾಗಿ ಹೆಣೆಸಿ. ಹಳೆಯ ಮೊಳೆಗಳನ್ನು ಕೀಳಲು ಹೋದರೆ ಪಟ್ಟಿ ಸೀಳುವ ಅಪಾಯವಿದೆ. ಅವುಗಳ ಕೊಕ್ಕೆಯನ್ನು ಇಕ್ಕಳದಿಂದ ಮೆಲ್ಲಗೆ ತುಸುವೇ ಮೇಲೆತ್ತಿದರೆ ಹೊಸ ಹುರಿ ಸಿಕ್ಕಿಸಲು ಬೇಕಾದಷ್ಟು ಸಂದು ಸಿಗುತ್ತದೆ.