ಹೂವಿನ ಬೆನ್ನು

"ಹೆಂಗಿದೆ ಮಗಾ?" ಅಂತ ಗೆಳೆಯ ನಮ್ಮ ಗುಂಡ್ಲುಪೇಟೆ ಟ್ರಿಪ್ಪಿನ ಫೋಟೋ ಕಳಿಸಿದ. ಬಣ್ಣವೇನೋ ಚೆನ್ನಾಗಿದೆ, ಆದರೆ ಸೂರ್ಯಕಾಂತಿಗಳೆಲ್ಲ ಬೆನ್ನು ಹಾಕಿ ನಿಂತಿವೆ. ಬಲಿತ ಹೂವು ಸೂರ್ಯನ ಜೊತೆ ತಿರುಗಲ್ಲ, ಪೂರ್ವಕ್ಕೇ ಮುಖ ಮಾಡಿರುತ್ತೆ. ಸಂಜೆ ಸೂರ್ಯನಿಗೆ ಬೆನ್ನು ಕೊಟ್ಟು ಕ್ಲಿಕ್ಕಿಸಿದರೆ ಸಿಗೋದು ಹೂವಿನ ಬೆನ್ನೇ. ಬೆಳಿಗ್ಗೆ ಹೋಗಬೇಕಿತ್ತು.

ಅದು ಸಣ್ಣ ತಪ್ಪು. ಒಂದು ಫೋಟೋದ ಅಂಚಿನಲ್ಲಿ ಬಳೆ ತೊಟ್ಟ ಕೈಯಿದೆ. "ಗಿಡ ತುಳೀಬ್ಯಾಡಿ ಕಣಪ್ಪಾ" ಅಂತ ತಡೆಯೋಕೆ ಬಂದ ಹೊಲದ ಅಮ್ಮನ ಕೈ. ಅವರನ್ನು ಇವನು ಕ್ರಾಪ್ ಮಾಡಿದ್ದಾನೆ. ಕೆಳಗೆ 'ಹಳ್ಳಿಯ ನೆಮ್ಮದಿ' ಅಂತ ಕ್ಯಾಪ್ಷನ್ ಬೇರೆ. ಆ ಫ್ರೇಮಿಗೋಸ್ಕರ ಎರಡು ಗಿಡ ಮುರಿದವನು ನಾನೇ. ಅವರಿಗದು ಎಣ್ಣೆಕಾಳಿನ ಬೆಳೆ, ನಮಗೆ ಬರೀ ಬ್ಯಾಕ್‌ಗ್ರೌಂಡು.

ಮಗಾ, ಕ್ರಾಪ್ ಮಾಡದ ಫೋಟೋನೇ ಹಾಕು. ಇಡೀ ಟ್ರಿಪ್ಪಲ್ಲಿ ನಿಜ ಹೇಳೋದು ಅದೊಂದೇ.