ಏಳು ಗಂಟೆಗಳ ನುಣುಪು

ಸೂಕ್ಷ್ಮ ಚರ್ಮದವರು ಗಡ್ಡ ತೆಗೆಯಲು ವಿದ್ಯುತ್ ಶೇವರನ್ನು ಬಳಸಬೇಕೋ, ನೀರು, ನೊರೆ, ಬ್ಲೇಡುಗಳ ಹಸಿ ಕ್ಷೌರವನ್ನೇ ಮುಂದುವರಿಸಬೇಕೋ ಎಂಬ ಪ್ರಶ್ನೆ ಈ ಅಂಕಣದ ಓದುಗರಿಗೆ ಹೊಸದಲ್ಲ. ಅದಕ್ಕೆ ಒಂದೇ ಉತ್ತರ ಹುಡುಕುವ ಪ್ರಯತ್ನ ಪ್ರತಿಬಾರಿಯೂ ಸೋಲುವುದು 'ಸೂಕ್ಷ್ಮ ಚರ್ಮ' ಎಂಬ ಮಾತಿನ ಸಡಿಲತನದಿಂದ. ತುರಿಕೆಯ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ವೇದಿಕೆಯ ತಜ್ಞರು 2017ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಂತೆ, ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡಬಾರದ ಪ್ರಚೋದನೆಗೂ ಉರಿ, ಚುಚ್ಚು, ನೋವು, ತುರಿಕೆ, ಜುಮ್ಮೆನ್ನುವಿಕೆಗಳನ್ನು ತೋರುವ, ಮತ್ತು ಆ ಸಂವೇದನೆಗಳಿಗೆ ಯಾವುದೇ ಚರ್ಮರೋಗದ ಗಾಯವನ್ನು ಕಾರಣವಾಗಿ ತೋರಿಸಲಾಗದ ಸ್ಥಿತಿಯೇ ಸೂಕ್ಷ್ಮ ಚರ್ಮ. ಆದರೆ ಕ್ಷೌರದ ಮಾತು ಬಂದಾಗ ಈ ಹೆಸರಿನಡಿ ಇನ್ನೂ ಮೂರು ತೊಂದರೆಗಳು ಬಂದು ಸೇರಿಕೊಳ್ಳುತ್ತವೆ. ಅಲಗು ಮತ್ತೆ ಮತ್ತೆ ಉಜ್ಜಿದ್ದರಿಂದ ಚರ್ಮ ಕೆಂಪಾಗಿ ಉರಿಯುವುದು ಒಂದು. ನಿಕಲ್ ಅಥವಾ ಸುಗಂಧದ್ರವ್ಯಗಳಿಗೆ ಮೈ ಒಗ್ಗದಿರುವ ಅಲರ್ಜಿ ಇನ್ನೊಂದು. ಕತ್ತರಿಸಿದ ಕೂದಲು ಮರಳಿ ಚರ್ಮದೊಳಕ್ಕೇ ಬೆಳೆದು ಗುಳ್ಳೆಯೇಳುವ, ವೈದ್ಯರು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೀ ಎಂದು ಕರೆಯುವ ಸ್ಥಿತಿ ಮತ್ತೊಂದು. ಕೈಗಡಿಯಾರದ ಬಕಲು ತಾಗಿದ ಕಡೆ ತುರಿಕೆಯೇಳುವವರ ಗಲ್ಲದ ಸಮಸ್ಯೆಗೂ, ಗುಂಗುರು ಗಡ್ಡದವರ ಕುತ್ತಿಗೆಯ ಗುಳ್ಳೆಗೂ ಒಂದೇ ಉಪಕರಣವನ್ನು ಸೂಚಿಸುವವರು ಇಬ್ಬರಿಗೂ ಉಪಕಾರ ಮಾಡುವುದಿಲ್ಲ.

ವಿದ್ಯುತ್ ಶೇವರಿನ ಪರವಾದ ವಾದ ಅದರ ರಚನೆಯಲ್ಲಿಯೇ ಇದೆ. ಜೇಕಬ್ ಶಿಕ್‌ನ ಯಂತ್ರ 1931ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, 1939ರಲ್ಲಿ ಫಿಲಿಪ್ಸ್‌ನ ಅಲೆಕ್ಸಾಂಡರ್ ಹೊರೊವಿಟ್ಜ್ ತಿರುಗುವ ಅಲಗಿನ ಮಾದರಿಯನ್ನೂ, 1950ರಲ್ಲಿ ಬ್ರಾನ್ ಕಂಪನಿ ತೆಳು ಲೋಹದ ಜಾಲರಿಯ ಮಾದರಿಯನ್ನೂ ತಂದ ಮೇಲೆ ಮೂಲತತ್ವ ಬದಲಾಗಿಲ್ಲ: ಕೂದಲು ಜಾಲರಿಯ ರಂಧ್ರದಲ್ಲಿ ಮೇಲೆ ಬರುತ್ತದೆ, ಒಳಗಿನ ಅಲಗು ಅದನ್ನು ಕತ್ತರಿಯಂತೆ ತುಂಡರಿಸುತ್ತದೆ, ಚರ್ಮಕ್ಕೂ ಅಲಗಿಗೂ ನಡುವೆ ಜಾಲರಿ ಉಳಿಯುತ್ತದೆ. ಆ ಜಾಲರಿಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆಯಾದರೂ, ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗದಂತೆ ತಡೆಯಲು ಅಷ್ಟು ಸಾಕಾಗುವುದರಿಂದ, ಒಳಬೆಳೆಯುವ ಕೂದಲಿನಿಂದ ಬಳಲುವವರಿಗೆ ಈ ಯಂತ್ರದಿಂದ ನಿಜವಾದ ಪ್ರಯೋಜನವಿದೆ. ಮುಖವನ್ನು ತೊಳೆದ ಕೂಡಲೇ ಒದ್ದೆ ಗಡ್ಡದ ಮೇಲೆ ಅದನ್ನು ಓಡಿಸುವುದು ಮಾತ್ರ ತಪ್ಪು, ಏಕೆಂದರೆ ನೀರು ಕುಡಿದು ಮೆತ್ತಗಾದ ಕೂದಲು ರಂಧ್ರದೊಳಗೆ ನಿಲ್ಲದೆ ಬಾಗುತ್ತದೆ. ಆಗ ಕೈ ತಾನಾಗಿಯೇ ಒತ್ತಡ ಹೆಚ್ಚಿಸುತ್ತದೆ, ಒತ್ತಿದಷ್ಟೂ ಚರ್ಮ ರಂಧ್ರಗಳಲ್ಲಿ ಉಬ್ಬಿ ಅಲಗಿಗೆ ಸಿಗುತ್ತದೆ. ಶೇವರಿನಿಂದ ಉರಿ ಬಂತೆಂದು ದೂರುವವರಲ್ಲಿ ಬಹುಮಂದಿಯ ತಪ್ಪು ಈ ಒತ್ತಡವೇ. ಬ್ಲೇಡಿನಿಂದ ಯಂತ್ರಕ್ಕೆ ಬದಲಾದವರು ಎರಡು ಮೂರು ವಾರ ಕಾದು ನೋಡಬೇಕೆಂಬ ಸಲಹೆಯಲ್ಲೂ ಸತ್ಯವಿದೆ. ಹಲವು ಜಾಲರಿಗಳನ್ನು ನಿಕಲ್ ಲೋಹದಿಂದಲೇ ತಯಾರಿಸುವುದರಿಂದ, ಮೇಲೆ ಹೇಳಿದ ಬಕಲಿನ ಅಲರ್ಜಿಯವರು ಕೊಳ್ಳುವ ಮುನ್ನ ಆ ವಿಷಯವನ್ನು ವಿಚಾರಿಸಲೇಬೇಕು.

ಹಸಿ ಕ್ಷೌರದ ಪರವಾದ ವಾದ ಇದಕ್ಕಿಂತ ಹಳೆಯದು, ಸೊಗಸಾದದ್ದು, ಮತ್ತು ಬಹುಪಾಲು ನೀರಿಗೆ ಸಂಬಂಧಿಸಿದ್ದು. ಒಣಗಿದ ಗಡ್ಡದ ಕೂದಲು ಬಿರುಸಾದದ್ದು. ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆದರೆ ಅದು ನೀರು ಹೀರಿ ಉಬ್ಬುತ್ತದೆ, ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ. ನೊರೆಯ ಕೆಲಸ ಆ ನೀರನ್ನು ಕೂದಲಿನ ಸುತ್ತ ಹಿಡಿದಿಡುವುದು ಮತ್ತು ಅಲಗು ಜಾರುವಂತೆ ಮಾಡುವುದು, ಅಷ್ಟೇ. ಈ ಕಾರಣಕ್ಕಾಗಿಯೇ ಬ್ರಷ್ಷಿನಿಂದ ನಿಧಾನವಾಗಿ ಎಬ್ಬಿಸಿದ ದಟ್ಟ ನೊರೆಗೂ, ಡಬ್ಬಿಯಿಂದ ಬುಸುಗುಟ್ಟಿ ಬರುವ ಗಾಳಿತುಂಬಿದ ನೊರೆಗೂ ಅಜಗಜಾಂತರವಿದೆ: ಮೊದಲನೆಯದರಲ್ಲಿ ನೀರಿದೆ, ಎರಡನೆಯದರಲ್ಲಿ ಹೆಚ್ಚಿನಂಶ ಅನಿಲವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿ ನೀರನ್ನು ಬಳಸುವವರಿಗೆ ಇಲ್ಲೊಂದು ಹೆಚ್ಚಿನ ಕಷ್ಟವಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಕರಗದ ಗಷ್ಟಾಗಿ ಮುಖಕ್ಕೆ ಅಂಟುವುದರಿಂದ ನೊರೆ ನಿಲ್ಲುವುದಿಲ್ಲ, ಉಳಿದ ಗಷ್ಟು ಚರ್ಮವನ್ನು ಬಿಗಿಯುತ್ತದೆ, ಮತ್ತು ಆ ಬಿಗಿತವನ್ನೇ ಜನ ಬ್ಲೇಡಿನ ದೋಷವೆಂದು ತಿಳಿಯುತ್ತಾರೆ. ಒಂದು ಚೊಂಬು ಶುದ್ಧೀಕರಿಸಿದ ನೀರನ್ನೋ ಮಳೆನೀರನ್ನೋ ಕಾಯಿಸಿ ಕ್ಷೌರಕ್ಕೆಂದೇ ಇಟ್ಟುಕೊಂಡರೆ, ಬ್ಲೇಡು ಬದಲಿಸದೆಯೇ ಉರಿ ಅರ್ಧಕ್ಕಿಳಿದ ಅನುಭವ ಅನೇಕರಿಗಾಗಬಹುದು. ಅಂಟುವಾಳದ ಸಪೋನಿನ್ ಎಂಬ ನೊರೆದ್ರವ್ಯ ಗಡಸು ನೀರಿನಲ್ಲೂ ಕೆಡದೆ ನೊರೆ ಕೊಡುತ್ತದೆಯಾದರೂ, ಅದು ಕಣ್ಣಿಗೆ ತೀರ ಉರಿಯಾದುದರಿಂದ ಮುಖಕ್ಕೆ ಶಿಫಾರಸು ಮಾಡುವಂತಿಲ್ಲ.

ಬ್ಲೇಡಿನ ವಿಷಯಕ್ಕೆ ಬಂದರೆ, ಈ ಅಂಕಣ ಬಹುಕಾಲದಿಂದ ಎದುರಿಸುತ್ತಿರುವ ಒಂದು ಪಂಥದೊಡನೆ ಮತ್ತೊಮ್ಮೆ ಲೆಕ್ಕ ತೀರಿಸಿಕೊಳ್ಳುವುದು ಅನಿವಾರ್ಯ. 1971ರಲ್ಲಿ ಜಿಲೆಟ್ ಕಂಪನಿ ಎರಡು ಅಲಗಿನ ಕಾರ್ಟ್ರಿಜ್ ತಂದಿತು, 1998ರಲ್ಲಿ ಅಲಗುಗಳು ಮೂರಾದವು, 2006ರಲ್ಲಿ ಐದಾದವು. ಇದರ ಹಿಂದಿನ ಲೆಕ್ಕಾಚಾರವೆಂದರೆ, ಮೊದಲ ಅಲಗು ಕೂದಲನ್ನು ಕತ್ತರಿಸುತ್ತಲೇ ಅದರ ಬುಡವನ್ನು ಸ್ವಲ್ಪ ಮೇಲಕ್ಕೆಳೆಯುತ್ತದೆ, ಅದು ಹಿಂದಕ್ಕೆ ಜಾರುವ ಮೊದಲೇ ಎರಡನೆಯ ಅಲಗು ಇನ್ನೂ ಕೆಳಗೆ ತುಂಡರಿಸುತ್ತದೆ, ಕೊನೆಗೆ ಉಳಿದ ಮೊಂಡು ಚರ್ಮದ ಮೇಲ್ಮೈಗಿಂತ ಕೆಳಕ್ಕೆ ಇಳಿಯುತ್ತದೆ. ನೆಟ್ಟನೆಯ ಕೂದಲಿನವರಲ್ಲಿ ಅದು ಬಂದ ದಾರಿಯಲ್ಲೇ ಹೊರಬರುತ್ತದೆ. ಗುಂಗುರು ಕೂದಲಿನವರಲ್ಲಿ ಮಾತ್ರ ಓರೆಯಾಗಿ ಚೂಪಾದ ಆ ತುದಿ ಕೂದಲಿನ ಚೀಲದ ಗೋಡೆಯನ್ನು ಒಳಗಿನಿಂದಲೇ ಚುಚ್ಚಿ ಹೋಗುತ್ತದೆ, ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ಗುಳ್ಳೆಯೆಬ್ಬಿಸುತ್ತದೆ. ಹೊರಚರ್ಮದ ಮೇಲಿರುವ ಸತ್ತ ಜೀವಕೋಶಗಳ ಕಾವಲುಪದರ ಕೂದಲೆಳೆಗಿಂತಲೂ ತೆಳುವಾದದ್ದು; ಒಂದು ಸಲ ಎಳೆದರೆ ಐದು ಅಲಗುಗಳು ಅದರ ಮೇಲೆ ಹಾದುಹೋಗುತ್ತವೆ, ಮೂರು ಸಲ ಎಳೆದರೆ ಹದಿನೈದು. ಒಂದೇ ಅಲಗಿನ ಹಳೆಯ ಸೇಫ್ಟಿ ರೇಜರಿನಲ್ಲಿ ಕೂದಲಿನ ದಿಕ್ಕಿನಲ್ಲೇ ಹಗುರವಾಗಿ ಒಂದು ಸುತ್ತು ಮುಗಿಸಿ, ಕ್ಷೌರಿಕರು 'ಉಲ್ಟಾ' ಎನ್ನುವ ಎದುರು ದಿಕ್ಕಿನ ಎಳೆತವನ್ನು ಕೈಬಿಟ್ಟರೆ, ಸೂಕ್ಷ್ಮ ಚರ್ಮಕ್ಕೆ ಅದಕ್ಕಿಂತ ಸೌಮ್ಯವಾದ ಹಸಿ ಕ್ಷೌರವಿಲ್ಲ ಎಂಬುದು ಈ ಅಂಕಣದ ದೃಢವಾದ ನಿಲುವು. ಆ ಒಂಟಿ ಬ್ಲೇಡಿನ ಬೆಲೆ ಕೆಲವೇ ರೂಪಾಯಿಗಳಾದ್ದರಿಂದ ಅದನ್ನು ಬೇಗ ಎಸೆಯಲು ಮನಸ್ಸು ಹಿಂಜರಿಯುವುದಿಲ್ಲ, ಮತ್ತು ಬೇಗ ಎಸೆಯುವುದು ಅಗತ್ಯವೂ ಹೌದು. ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದುವಾದ ಕೂದಲು, ಬಾಗಿ ಓರೆಯಾಗಿ ತಾಗಿದಾಗ, ಅಲಗಿನ ಅಂಚನ್ನೇ ಚಕ್ಕೆ ಎಬ್ಬಿಸಬಲ್ಲದೆಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಚಕ್ಕೆಯೆದ್ದ ಅಂಚು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕೀಳುತ್ತದೆ.

ಇಷ್ಟಾದರೂ ಎರಡು ಪಕ್ಷಗಳ ವಾಗ್ವಾದ ಕೊನೆಗೆ ಬಂದು ನಿಲ್ಲುವುದು ನುಣುಪಿನ ಮೇಲೆಯೇ: ಬ್ಲೇಡು ಕೊಡುವ ನುಣುಪನ್ನು ಯಂತ್ರ ಕೊಡಲಾರದು ಎಂದು ಹಸಿ ಕ್ಷೌರದವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ವ್ಯತ್ಯಾಸವನ್ನು ಅಳೆದು ನೋಡಿದವರು ಕಡಿಮೆ. ಗಡ್ಡದ ಕೂದಲು ದಿನಕ್ಕೆ ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಬೆಳೆಯುತ್ತದೆ. ಜಾಲರಿ ಬಿಟ್ಟುಬಿಡುವ ಮೊಂಡು ಹೆಚ್ಚೆಂದರೆ ಹತ್ತನೆಯ ಒಂದು ಭಾಗ. ಅಂದರೆ ಚರ್ಮದ ಮಟ್ಟಕ್ಕೆ ಸರಿಯಾಗಿ ಬ್ಲೇಡಿನಿಂದ ಗಡ್ಡ ತೆಗೆದವನು ಯಂತ್ರದಿಂದ ತೆಗೆದವನಿಗಿಂತ ಮುಂದಿರುವುದು ಸುಮಾರು ಏಳು ಗಂಟೆಗಳ ಬೆಳವಣಿಗೆಯಷ್ಟು. ಬೆಳಿಗ್ಗೆ ಏಳಕ್ಕೆ ಗಳಿಸಿದ ನುಣುಪು ಮಧ್ಯಾಹ್ನ ಎರಡರ ಹೊತ್ತಿಗೆ ಕಳೆದಿರುತ್ತದೆ. ಈ ಏಳು ಗಂಟೆಗಳಿಗಾಗಿ ಕುತ್ತಿಗೆಯ ಉರಿಯನ್ನು ವರ್ಷಗಟ್ಟಲೆ ಸಹಿಸುವವರಿದ್ದಾರೆಂಬುದು ನಿಜಕ್ಕೂ ನೋವಿನ ಸಂಗತಿ.

ಹೀಗೆ ಲೆಕ್ಕ ಹಾಕಿದಾಗ ಉಪಕರಣದ ಪ್ರಶ್ನೆ ಹಿಂದೆ ಸರಿದು, ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಈ ವಾರದ ಅಂಕಣ ಅತ್ತ ತಿರುಗುವುದೇ ಲೇಸು. ವಾತ್ಸ್ಯಾಯನನ ಕಾಮಸೂತ್ರದ ಮೊದಲ ಅಧಿಕರಣದ ನಾಲ್ಕನೆಯ ಅಧ್ಯಾಯ ನಾಗರಕನ, ಅಂದರೆ ಊರಿನ ಸಂಸ್ಕಾರವಂತ ಗೃಹಸ್ಥನ, ದಿನಚರಿಯನ್ನು ವಿವರಿಸುತ್ತದೆ. ಅಲ್ಲಿ ದೇಹಶುಚಿಯ ಪ್ರತಿ ಕ್ರಿಯೆಗೂ ಅದರದೇ ಅಂತರವಿದೆ: ಸ್ನಾನ ನಿತ್ಯ, ಉತ್ಸಾದನ, ಅಂದರೆ ಮೈ ತಿಕ್ಕಿಸಿಕೊಳ್ಳುವುದು, ಎರಡು ದಿನಕ್ಕೊಮ್ಮೆ, ಫೇನಕವೆಂಬ ನೊರೆದ್ರವ್ಯ ಮೂರು ದಿನಕ್ಕೊಮ್ಮೆ, ಆಯುಷ್ಯ, ಅಂದರೆ ಮುಖಕ್ಷೌರ, ನಾಲ್ಕು ದಿನಕ್ಕೊಮ್ಮೆ, ಪ್ರತ್ಯಾಯುಷ್ಯವೆಂಬ ಮೈಗೂದಲಿನ ಕ್ಷೌರ ಐದು ಅಥವಾ ಹತ್ತು ದಿನಕ್ಕೊಮ್ಮೆ. ಫೇನಕ ಮತ್ತು ಆಯುಷ್ಯಗಳು ಬೇರೆಬೇರೆ ದಿನಗಳ ಲೆಕ್ಕಕ್ಕೆ ಸೇರಿರುವುದರಿಂದ ಫೇನಕವನ್ನು ಇಂದಿನ ಶೇವಿಂಗ್ ನೊರೆಯೆಂದು ಓದುವುದು ಅವಸರದ ಓದು. ಗಮನಿಸಬೇಕಾದದ್ದು, ಸುಗಂಧ, ತಾಂಬೂಲ, ಹೂಮಾಲೆಗಳಲ್ಲಿ ಯಾವ ಕೊರತೆಯನ್ನೂ ಸಹಿಸದ ಈ ಶೋಕಿಯ ಮನುಷ್ಯನಿಗೂ ಶಾಸ್ತ್ರ ದಿನನಿತ್ಯದ ಕ್ಷೌರವನ್ನು ವಿಧಿಸಲಿಲ್ಲ ಎಂಬುದು. ಚರಕಸಂಹಿತೆಯ ಸೂತ್ರಸ್ಥಾನವೂ ಸದ್ವೃತ್ತವನ್ನು, ಅಂದರೆ ಒಳ್ಳೆಯ ನಡವಳಿಕೆಯನ್ನು, ಹೇಳುವಾಗ ಕೂದಲು, ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಬಾರಿ ತೆಗೆಯಬೇಕೆನ್ನುತ್ತದೆ. ಹದಿನೈದು ದಿನಕ್ಕೆ ಮೂರೆಂದರೆ ಐದು ದಿನಕ್ಕೊಂದು. ಒಂದು ವಿಲಾಸದ ಶಾಸ್ತ್ರ, ಇನ್ನೊಂದು ಆರೋಗ್ಯದ ಶಾಸ್ತ್ರ. ಎರಡೂ ಹೆಚ್ಚುಕಡಿಮೆ ಒಂದೇ ಅಂತರಕ್ಕೆ ಬಂದು ನಿಂತಿರುವುದು ಗಮನಾರ್ಹ. ಕನ್ನಡದಲ್ಲಿ ಕ್ಷೌರಕ್ಕಿರುವ 'ಆಯುಷ್ಕರ್ಮ' ಎಂಬ ಗೌರವದ ಹೆಸರೂ ಆ ಹಳೆಯ ಶಬ್ದದ ಬಂಧುವೇ.

ಕರ್ನಾಟಕದ ಕ್ಷೌರದಂಗಡಿಗಳು ಮಂಗಳವಾರ ಬಾಗಿಲು ಹಾಕುವ ರೂಢಿಯೂ, ಅಮಾವಾಸ್ಯೆಯಂದು ಗಡ್ಡ ಮುಟ್ಟಬಾರದೆಂಬ ಹಿರಿಯರ ಕಟ್ಟಳೆಯೂ ಚರ್ಮದ ಕಾಳಜಿಯಿಂದ ಹುಟ್ಟಿದವಲ್ಲವಾದರೂ, ಅವುಗಳನ್ನು ಪಾಲಿಸುವವರ ಮುಖಕ್ಕೆ ಅಷ್ಟಾದರೂ ಬಿಡುವು ದೊರಕುತ್ತಿತ್ತು. ಅದಕ್ಕಿಂತ ದೊಡ್ಡ ಬಿಡುವು ಅಯ್ಯಪ್ಪ ವ್ರತದ ನಲವತ್ತೊಂದು ದಿನಗಳದು. ಮಾಲೆ ಹಾಕಿದ ಮೇಲೆ ಗಡ್ಡಕ್ಕೆ ಅಲಗು ತಾಗಿಸದವರ ಕುತ್ತಿಗೆಯಲ್ಲಿ, ಕೂದಲು ಸೆಂಟಿಮೀಟರ್ ಉದ್ದವಾಗುವ ಹೊತ್ತಿಗೆ, ಒಳಗೆ ಸಿಕ್ಕಿಕೊಂಡಿದ್ದ ತುದಿಗಳು ಸುರುಳಿ ಬಿಚ್ಚಿದ ಸ್ಪ್ರಿಂಗಿನಂತೆ ತಾವಾಗಿಯೇ ಹೊರಗೆದ್ದು ಗುಳ್ಳೆಗಳು ಇಳಿಯುತ್ತವೆ. ಒಳಬೆಳೆದ ಕೂದಲಿಗೆ ಚರ್ಮವೈದ್ಯರು ಮೊದಲು ಹೇಳುವ ಚಿಕಿತ್ಸೆಯೂ ಕ್ಷೌರವನ್ನು ಕೆಲಕಾಲ ನಿಲ್ಲಿಸುವುದೇ. ಶಬರಿಮಲೆಯಿಂದ ಮರಳಿ ಮಾಲೆ ತೆಗೆದ ದಿನ ಅದೇ ಜಾಗದ ಮೇಲೆ ಐದು ಅಲಗಿನ ಕಾರ್ಟ್ರಿಜನ್ನು ಉಲ್ಟಾ ಎಳೆದರೆ ವ್ರತದ ಆ ಲಾಭವೆಲ್ಲ ಎರಡು ವಾರದಲ್ಲಿ ಕಳೆದುಹೋಗುತ್ತದೆ. ಉದ್ದ ಗಡ್ಡ ಜಾಲರಿಯ ರಂಧ್ರಕ್ಕೆ ಹೋಗಲಾರದಾದ್ದರಿಂದ ಶೇವರೂ ಅಂದು ನೇರವಾಗಿ ಕೆಲಸಕ್ಕೆ ಬಾರದು. ಮೊದಲು ಟ್ರಿಮ್ಮರಿನಿಂದ ಒಂದು ಮಿಲಿಮೀಟರಿಗೆ ಇಳಿಸಿ, ಗುಳ್ಳೆಯ ಹಳೆಯ ತೊಂದರೆಯುಳ್ಳವರು ಅಲ್ಲಿಗೇ ನಿಲ್ಲಿಸಿ, ಇತರರು ಮರುದಿನ ಒಣಮುಖದ ಮೇಲೆ ಶೇವರನ್ನೋ, ಚೆನ್ನಾಗಿ ನೆನೆದ ಮುಖದ ಮೇಲೆ ಒಂಟಿ ಬ್ಲೇಡನ್ನೋ ಹಗುರವಾಗಿ ಬಳಸಿ, ಮುಂದಿನ ಕ್ಷೌರವನ್ನು ಐದನೆಯ ದಿನಕ್ಕೆ ಇಟ್ಟುಕೊಳ್ಳಬೇಕು. ಅಂದು ಪಟಿಕದ ತುಂಡನ್ನು ಉಜ್ಜುವುದಿದ್ದರೆ ತಣ್ಣೀರಿನಲ್ಲಿ ಅದ್ದಿ ಒಮ್ಮೆ ಮಾತ್ರ ಆಡಿಸಿ, ಅರೆನಿಮಿಷದೊಳಗೆ ಮುಖ ತೊಳೆದುಬಿಡಬೇಕು.